ಒತ್ತಡ ಎಂದು ಬಂದವರಿಗೆ ಮೊದಲು ದಿನಚರಿ ಬರೆಸಿ

ಒತ್ತಡ ಎಂದು ಯಾರಾದರೂ ಬಂದ ಕೂಡಲೇ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸುವುದು ಆಕ್ಯುಪೇಷನಲ್ ಥೆರಪಿಗೆ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ಹೊಸದಾಗಿ ಬಂದ ಚಿಕಿತ್ಸಕರ ರೂಢಿ. ಮೊದಲೇ ಕೈತುಂಬ ಕೆಲಸ ಇರುವವರಿಗೆ ಇನ್ನೊಂದು ಕೆಲಸ ಹಚ್ಚಿದಂತೆ ಅದು. ನಾಲ್ಕು ದಿನ ಮಾಡಿ ಬಿಡುತ್ತಾರೆ, ಅದನ್ನೂ ಮಾಡಲಾಗಲಿಲ್ಲವಲ್ಲ ಎಂಬ ಕೊರಗು ಬೇರೆ.

ಮೊದಲು ದಿನಚರಿಯ ಹಾಳೆ ಕೊಡಿ. ಎರಡು ಕೆಲಸದ ದಿನ, ಒಂದು ರಜೆಯ ದಿನ ಬರೆದರೆ ಸಾಕು. ಅರ್ಧ ಗಂಟೆಗೊಂದು ಸಾಲು; ಏನು ಮಾಡಿದೆ, ಯಾರ ಜೊತೆ, ದಣಿವು ಎಷ್ಟು, ಒತ್ತಡ ಎಷ್ಟು ಎಂದು ನಾಲ್ಕು ಕಲಂ. ಕೊನೆಯ ಎರಡಕ್ಕೆ 0ರಿಂದ 10ರ ಒಳಗೆ ಅಂಕ. ರಾತ್ರಿ ಕೂತು ಇಡೀ ದಿನದ್ದನ್ನು ಒಟ್ಟಿಗೆ ತುಂಬಿದರೆ ಹಾಳೆ ಕೆಟ್ಟಂತೆ, ಏಕೆಂದರೆ ಆ ಹೊತ್ತಿನ ಮನಸ್ಸೇ ಬೆಳಗಿನ ಅಂಕಗಳನ್ನೂ ಬರೆಯುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ತುಂಬಲು ಹೇಳಿ. "ಮನೆಕೆಲಸ" ಎಂದಷ್ಟೇ ಬರೆದ ಸಾಲಿನಿಂದ ಏನೂ ಸಿಗುವುದಿಲ್ಲ. "ಮಗುವಿಗೆ ಬಟ್ಟೆ ಹಾಕುತ್ತಲೇ ಆಫೀಸಿನ ಫೋನಿಗೆ ಉತ್ತರ" ಎಂದಿದ್ದರೆ ಅರ್ಧ ಕೆಲಸ ಮುಗಿಯಿತು.

ಅಂಕ ಹೆಚ್ಚಿರುವ ಒಂದು ಸಾಲನ್ನು ಹಿಡಿದು ಬಿಡಿಸಿ. ಬೆಳಗ್ಗೆ ಮನೆ ಬಿಡುವ ಹೊತ್ತಿಗೆ ಒತ್ತಡ 8 ಇದೆ ಎನ್ನಿ. ಯಾವ ಹೆಜ್ಜೆಯಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂದು ಕೇಳುತ್ತ ಹೋದರೆ, ಬಹಳ ಸಲ ಸಿಗುವುದು ಹುಡುಕಾಟ: ಬೀಗದ ಕೈ, ಕನ್ನಡಕ, ಯಾವುದೋ ಕಾಗದ. ಇದಕ್ಕೆ ಮನಸ್ಸನ್ನು ಶಾಂತಗೊಳಿಸುವ ತಂತ್ರ ಬೇಕಿಲ್ಲ. ಬಾಗಿಲ ಬಳಿ ಒಂದು ತಟ್ಟೆ, ಹಿಂದಿನ ರಾತ್ರಿ ಐದು ನಿಮಿಷ, ಅಷ್ಟೇ. ಒಂದು ವಾರಕ್ಕೆ ಒಂದೇ ಬದಲಾವಣೆ ಮಾಡಿಸಿ. ಮೂರನ್ನು ಒಟ್ಟಿಗೆ ಮಾಡಿಸಿದರೆ ಯಾವುದು ಫಲಿಸಿತೆಂದು ಯಾರಿಗೂ ತಿಳಿಯದು.

ಎಷ್ಟು ಸುಧಾರಿಸಿದೆ ಎಂಬ ಅಳತೆಗೆ ಸಿಓಪಿಎಂ (ಕೆನಡಿಯನ್ ಆಕ್ಯುಪೇಷನಲ್ ಪರ್ಫಾರ್ಮೆನ್ಸ್ ಮೆಷರ್) ಒಳ್ಳೆಯದು. 1991ರಿಂದ ಬಳಕೆಯಲ್ಲಿದೆ. ಮುಖ್ಯವೆನಿಸುವ ಹೆಚ್ಚೆಂದರೆ ಐದು ಕೆಲಸಗಳನ್ನು ಅವರೇ ಆರಿಸುತ್ತಾರೆ; ಎಷ್ಟು ಚೆನ್ನಾಗಿ ಮಾಡುತ್ತೇನೆ, ಎಷ್ಟು ತೃಪ್ತಿ ಇದೆ ಎಂದು 10ಕ್ಕೆ ಅಂಕ ಕೊಡುತ್ತಾರೆ. ಮರುಅಳತೆಯಲ್ಲಿ 2 ಅಂಕ ಏರಿದರೆ ನಿಜವಾದ ಬದಲಾವಣೆ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಎರಡು ಅಂಕಗಳ ನಡುವಿನ ಅಂತರವನ್ನು ಮಾತ್ರ ತಪ್ಪದೆ ನೋಡಿ. ಮಾಡುವುದರಲ್ಲಿ 8, ತೃಪ್ತಿಯಲ್ಲಿ 3 ಇದ್ದರೆ ಕೌಶಲ ಕಲಿಸಿ ಉಪಯೋಗವಿಲ್ಲ. ಎಷ್ಟು ಮಾಡಿದರೆ ಸಾಕು ಎಂಬ ಮಾತನ್ನೇ ಎತ್ತಿಕೊಳ್ಳಬೇಕು.

ಚೆನ್ನಾಗಿರುವ ದಿನ ಎಲ್ಲವನ್ನೂ ಮುಗಿಸಿ ಮರುದಿನ ಮಲಗಿಬಿಡುವವರಿಗೆ ಗಡಿಯಾರ ಬೇಕು. ಮೂರು ದಿನ ಎಷ್ಟು ಹೊತ್ತು ಆರಾಮಾಗಿ ಮಾಡಬಲ್ಲರೆಂದು ಅಳೆದು, ಸರಾಸರಿಯಲ್ಲಿ ಐದನೇ ಒಂದು ಪಾಲು ಕಳೆಯಿರಿ. 30 ನಿಮಿಷ ಬಂದರೆ 24ಕ್ಕೆ ಆರಂಭ. ದಣಿವಾದಾಗ ಅಲ್ಲ, ಹೊತ್ತಾದಾಗ ನಿಲ್ಲಿಸಬೇಕು. ಇದನ್ನು ಒಪ್ಪಿಸುವುದೇ ಕಷ್ಟ, ಹುರುಪಿದ್ದಾಗ ಯಾರಿಗೂ ನಿಲ್ಲಿಸಲು ಮನಸ್ಸಿರುವುದಿಲ್ಲ.

ಉಸಿರಾಟ ಇದೆಲ್ಲದರ ನಂತರ. 4 ಎಣಿಸುತ್ತ ಒಳಗೆ, 6 ಎಣಿಸುತ್ತ ಹೊರಗೆ, ಐದು ನಿಮಿಷ. ದಿನವೂ ತಪ್ಪದ ಕೆಲಸವೊಂದಕ್ಕೆ ಗಂಟು ಹಾಕಿ, ಉದಾಹರಣೆಗೆ ಹಲ್ಲುಜ್ಜಿದ ಮೇಲೆ. ತಲೆ ಸುತ್ತುತ್ತದೆ ಎಂದರೆ ಬಹುಮಟ್ಟಿಗೆ ಅತಿ ಆಳವಾಗಿ ಎಳೆಯುತ್ತಿದ್ದಾರೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದಿದೆ. ಎಣಿಕೆ ಹಾಗೇ ಇರಲಿ, ಉಸಿರು ಹಗುರಾಗಲಿ.

ಹಾಳೆಯ ತುಂಬ ಹಾಸಿಗೆಯೇ ಇದ್ದು ಎರಡು ವಾರದಿಂದ ಯಾವುದರಲ್ಲೂ ಆಸಕ್ತಿಯಿಲ್ಲ ಎಂದರೆ ತಡಮಾಡದೆ ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಅದೇ ದಿನ, ಒಬ್ಬರನ್ನೇ ಬಿಡದೆ.