ಅಪ್ಪನ ಬೈಕಿನ ಬ್ಯಾಟರಿ

ಧಾರವಾಡದ ಜಿಟಿಜಿಟಿ ಮಳೆ ಶುರುವಾದರೆ ಅಪ್ಪನ ಬೈಕು ಪಡಸಾಲೆ ಬಿಟ್ಟು ಕದಲುವುದಿಲ್ಲ. ಹೋದ ವರ್ಷ ಹಾಗೆ ನಿಂತೇ ಬ್ಯಾಟರಿ ಹಾಳಾಯಿತು. ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿದರೆ ಸಾಕು ಅಂದುಕೊಂಡಿದ್ದೆ. ಆದರೆ ಸೆಲ್ಫ್ ಹೊಡೆದಾಗ ಹೋದ ಚಾರ್ಜು ಅಷ್ಟರಲ್ಲಿ ಸರಿಯಾಗಿ ತುಂಬುವುದಿಲ್ಲ. ಬೈಕಿನಲ್ಲಿರುವ ಈ ಲೆಡ್ ಆಸಿಡ್ (ಸೀಸ-ಆಮ್ಲದ) ಬ್ಯಾಟರಿ ಖಾಲಿಯಾಗಿ ಕೂತರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಅನ್ನುವ ಹರಳಿನ ಪದರ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಹಾಗಾಗುವುದು ಕಷ್ಟ. ಓಡುವಾಗ ಮಾತ್ರ ಅಲ್ಲ, ಸುಮ್ನೆ ನಿಂತಾಗಲೂ ಆರೈಕೆ ಬೇಕು, ಅಲ್ವಾ?

ಈ ಸಲ ಮೊದಲು ಮೈನಸ್ ವೈರ್, ಆಮೇಲೆ ಪ್ಲಸ್ ಬಿಚ್ಚಿ ಬ್ಯಾಟರಿ ತೆಗೆದಿಟ್ಟಿದ್ದೇನೆ. ತಿಂಗಳಿಗೊಮ್ಮೆ ಮೀಟರ್ ಹಿಡಿದು ನೋಡುತ್ತೇನೆ. 12.4 ವೋಲ್ಟಿಗಿಂತ ಇಳಿದರೆ ಸಣ್ಣ ಚಾರ್ಜರಿಗೆ ಹಾಕುತ್ತೇನೆ. ಇವತ್ತು 12.6 ಇತ್ತು. ಅಪ್ಪನಿಗೆ ತೋರಿಸಿದೆ. "ಛಲೋ ಆತು" ಅಂದು ಸೀಟಿನ ಧೂಳು ಒರೆಸಿದರು.