ಯುರೋಪಿಯನ್ ಪಾರ್ಲಿಮೆಂಟಿನ ನೌಕರರು ಯಾವ ದೇಶದ ಮಾತು ಕೇಳುತ್ತಾರೆ?

ನಾನಿರುವುದು ಬ್ರಸೆಲ್ಸ್‌ನಲ್ಲಿ. ಊರಿಂದ ಯಾರೇ ಬಂದರೂ ಯುರೋಪಿಯನ್ ಪಾರ್ಲಿಮೆಂಟ್ ತೋರಿಸಲು ಕರೆದುಕೊಂಡು ಹೋಗುತ್ತೇನೆ. ಸಭೆ ನಡೆಯುವ ದೊಡ್ಡ ಹಾಲ್ ನೋಡಿ ಹೊರಗೆ ಬರುವಾಗ ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಇದನ್ನೇ: ಯುರೋಪಿಯನ್ ಯೂನಿಯನ್ ಎನ್ನುವ ಒಕ್ಕೂಟದ 27 ದೇಶಗಳ 720 ಎಂಪಿಗಳು, ಸರಿ, ಆದರೆ ಒಳಗೆ ಕೆಲಸ ಮಾಡುವ ನೌಕರರು ಯಾವ ದೇಶದವರು, ಅವರಿಗೆ ಬಾಸ್ ಯಾರು?

ಅಲ್ಲಿ ಮೂರು ಥರದ ನೌಕರರಿದ್ದಾರೆ. ಒಬ್ಬೊಬ್ಬ ಎಂಪಿಗೂ ಅವರೇ ಆರಿಸಿಕೊಂಡ ಸಹಾಯಕರು ಇರುತ್ತಾರೆ. ಆ ಎಂಪಿಯ ಅವಧಿ ಮುಗಿದರೆ ಇವರ ಕೆಲಸವೂ ಮುಗಿಯಿತು. ಒಂದೇ ವಿಚಾರದ ಬೇರೆ ಬೇರೆ ದೇಶದ ಪಕ್ಷಗಳು ಸೇರಿ ಗುಂಪು ಕಟ್ಟಿಕೊಳ್ಳುತ್ತವಲ್ಲ, ಆ ಗುಂಪುಗಳಿಗೂ ತಮ್ಮದೇ ಸಿಬ್ಬಂದಿ ಇದೆ. ಇವರಿಬ್ಬರೂ ರಾಜಕೀಯದ ಕಡೆಯವರು, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಮೂರನೆಯವರು ಇಡೀ ಸದನದ ನೌಕರರು. ಇವರಲ್ಲಿ ಕಾಯಂ ನೌಕರಿಯವರು ಸಾಮಾನ್ಯವಾಗಿ ಯುರೋಪಿಯನ್ ಯೂನಿಯನ್ ನಡೆಸುವ ಸ್ಪರ್ಧಾತ್ಮಕ ಪರೀಕ್ಷೆ ಪಾಸು ಮಾಡಿ ಬಂದವರು. ಪೋಲೆಂಡಿನವರು, ಗ್ರೀಸಿನವರು, ಪೋರ್ಚುಗಲ್‌ನವರು ಒಂದೇ ಆಫೀಸಿನಲ್ಲಿ ಕೂತಿರುತ್ತಾರೆ. ಯಾವ ಸರ್ಕಾರದಿಂದಲೂ ಆದೇಶ ಕೇಳಬಾರದು, ಕೊಟ್ಟರೂ ಒಪ್ಪಬಾರದು, ಸ್ವಂತ ದೇಶದ ಸರ್ಕಾರ ಹೇಳಿದರೂ ಅಷ್ಟೇ. ಇದು ಅವರ ಸೇವಾ ನಿಯಮದಲ್ಲೇ ಇದೆ. ಅವರ ಮುಖ್ಯಸ್ಥರು ಸೆಕ್ರೆಟರಿ ಜನರಲ್. ಪಾರ್ಲಿಮೆಂಟಿನ ಅಧ್ಯಕ್ಷರು ಮತ್ತು 14 ಉಪಾಧ್ಯಕ್ಷರಿರುವ ಬ್ಯೂರೋ ಅವರನ್ನು ನೇಮಿಸುತ್ತದೆ. 2009ರಿಂದ 2022ರವರೆಗೆ ಜರ್ಮನಿಯ ಕ್ಲೌಸ್ ವೆಲ್ಲೆ ಇದ್ದರು, 2023ರ ಜನವರಿಯಲ್ಲಿ ಇಟಲಿಯ ಅಲೆಸ್ಸಾಂಡ್ರೊ ಕಿಯೊಕೆಟ್ಟಿ ಬಂದರು. ಅವರ ಕೈಕೆಳಗೆ ಡೈರೆಕ್ಟರೇಟ್ ಜನರಲ್ ಎನ್ನುವ ದೊಡ್ಡ ಇಲಾಖೆಗಳಿವೆ: ಸಭೆ ನಡೆಸಲು, ಕಮಿಟಿಗಳಿಗೆ, ಸಂಶೋಧನೆಗೆ, ಹಣಕಾಸಿಗೆ, ಕಟ್ಟಡಗಳಿಗೆ, ಭದ್ರತೆಗೆ, ಹೀಗೆ.

ಇಷ್ಟಾದರೆ ಇದು ಯಾವ ದೊಡ್ಡ ಆಫೀಸಿನ ಕಥೆಯೂ ಆಗಬಹುದು. ನನಗೆ ನಿಜಕ್ಕೂ ದೊಡ್ಡದು ಅನಿಸುವುದು ಭಾಷೆಯ ವ್ಯವಸ್ಥೆ.

ಅಧಿಕೃತ ಭಾಷೆಗಳು 24. ಯಾವ ಎಂಪಿಯಾದರೂ ಇವುಗಳಲ್ಲಿ ತನಗೆ ಬೇಕಾದ ಭಾಷೆಯಲ್ಲಿ ಮಾತಾಡಬಹುದು. ಒಂದೊಂದರಿಂದ ಉಳಿದ 23ಕ್ಕೆ ಅಂತ ಲೆಕ್ಕ ಹಾಕಿದರೆ 552 ಜೋಡಿಗಳಾಗುತ್ತವೆ! ಅದಕ್ಕಾಗಿಯೇ ಬರಹದ ಅನುವಾದಕ್ಕೆ ಒಂದು ಡೈರೆಕ್ಟರೇಟ್, ಮಾತಿನ ಅನುವಾದಕ್ಕೆ ಇನ್ನೊಂದು. ಬರಹದ ಅನುವಾದಕರಲ್ಲಿ ಹೆಚ್ಚಿನವರು ಲಕ್ಸೆಂಬರ್ಗ್‌ನಲ್ಲಿದ್ದಾರೆ. ಮಾತಿನವರು ಹಾಲ್‌ನ ಸುತ್ತ ಮೇಲೆ ಕಾಣುವ ಗಾಜಿನ ಬೂತ್‌ಗಳಲ್ಲಿ ಕೂತು, ಎಂಪಿ ಮಾತಾಡುತ್ತಿರುವಾಗಲೇ ಹೇಳುತ್ತಾ ಹೋಗುತ್ತಾರೆ. ತುಂಬಾ ಸುಸ್ತಿನ ಕೆಲಸ, ಅದಕ್ಕೇ ಸರದಿಯ ಮೇಲೆ ಮಾಡುತ್ತಾರೆ. ಮಾಲ್ಟೀಸ್‌ನಲ್ಲಿ ಯಾರಾದರೂ ಮಾತಾಡಿದಾಗ ಲಾಟ್ವಿಯನ್ ಬೂತ್‌ನಲ್ಲಿ ಆ ಭಾಷೆ ಬಲ್ಲವರು ಇಲ್ಲದಿದ್ದರೆ, ಮೊದಲು ಒಬ್ಬರು ಅದನ್ನು ಇಂಗ್ಲಿಷಿಗೆ ತರುತ್ತಾರೆ, ಆ ಇಂಗ್ಲಿಷ್ ಕೇಳಿಸಿಕೊಂಡು ಲಾಟ್ವಿಯನ್‌ನವರು ತಮ್ಮ ಭಾಷೆಗೆ ತರುತ್ತಾರೆ. ಇನ್ನು, ಕಾನೂನೂ ಭಾಷೆಯೂ ಎರಡೂ ಚೆನ್ನಾಗಿ ಗೊತ್ತಿರುವ ಕೆಲವರಿದ್ದಾರೆ. ಕಾನೂನಿನ ಅರ್ಥ ಎಲ್ಲ ಭಾಷೆಯಲ್ಲೂ ಒಂದೇ ಇದೆಯಾ ಅಂತ ನೋಡುವುದು ಅವರ ಕೆಲಸ. ಒಂದು ಪದ ತಪ್ಪಿದರೂ ಒಂದು ದೇಶದಲ್ಲಿ ಕಾನೂನೇ ಬೇರೆಯಾಗಿಬಿಡಬಹುದು, ಅಲ್ವಾ?

ಇಷ್ಟೊಂದು ಖರ್ಚು ಯಾಕೆ, ಎಲ್ಲರೂ ಇಂಗ್ಲಿಷ್ ಮಾತಾಡಿದರೆ ಆಯ್ತಲ್ಲ ಅಂತಲೂ ಕೆಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಇಂಗ್ಲಿಷ್ ಬಾರದ ರೈತನೋ ನರ್ಸೋ ಎಂಪಿಯಾಗಿ ಬಂದು ಸುಮ್ನೆ ಕೂರಬೇಕಾಗುತ್ತದೆ. 1967ರಲ್ಲಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ್ದನ್ನು ಇವತ್ತಿಗೂ ನೆನೆಸಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಸರಿ ಕಾಣದ ಖರ್ಚು ಬೇರೆ ಇದೆ. ಕಮಿಟಿಗಳು ಬ್ರಸೆಲ್ಸ್‌ನಲ್ಲಿ ಸೇರುತ್ತವೆ. ಮುಖ್ಯ ಅಧಿವೇಶನಕ್ಕೆ ಮಾತ್ರ ವರ್ಷಕ್ಕೆ 12 ಸಲ ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ಗೆ ಹೋಗಬೇಕು. 400 ಕಿಲೋಮೀಟರಿಗೂ ಜಾಸ್ತಿ ದೂರ. ಎಂಪಿಗಳ ಜೊತೆ ನೌಕರರು, ಇಂಟರ್‌ಪ್ರಿಟರ್‌ಗಳು, ಟ್ರಂಕುಗಳಲ್ಲಿ ಕಾಗದಪತ್ರ, ಎಲ್ಲವೂ ಹೊರಡುತ್ತವೆ. ಪಾರ್ಲಿಮೆಂಟ್ ತಾನೇ ಬೇಡ ಅಂದರೂ ನಿಲ್ಲಿಸಲು ಆಗುವುದಿಲ್ಲ, ಯಾಕೆಂದರೆ ಇದು ದೇಶಗಳ ನಡುವಿನ ಒಪ್ಪಂದದಲ್ಲೇ ಇದೆ. ಫ್ರಾನ್ಸ್ ಸೇರಿ ಎಲ್ಲ ದೇಶಗಳೂ ಒಪ್ಪಿದರೆ ಮಾತ್ರ ಬದಲಾವಣೆ.

ನೀವು ಬಂದಾಗ ಅಧಿವೇಶನ ನಡೆಯುತ್ತಿದ್ದರೆ, ಸೀಟಿನ ಹತ್ತಿರ ಇರುವ ಇಯರ್‌ಫೋನ್ ಹಾಕಿಕೊಂಡು ಚಾನೆಲ್ ಬದಲಿಸಿ ನೋಡಿ. ಮಾಲ್ಟಾದ ಜನಸಂಖ್ಯೆ ಐದಾರು ಲಕ್ಷ ಅಷ್ಟೇ, ನಮ್ಮ ಹೆಚ್ಚಿನ ಜಿಲ್ಲೆಗಳಿಗಿಂತಲೂ ಕಡಿಮೆ. ಅವರ ಭಾಷೆಗೂ ಅಲ್ಲಿ ಒಂದು ಚಾನೆಲ್ ಇದೆ.