ಪಂಚೆಯೊಳಗಿನ ಕ್ವಾರ್ಟರ್: ಕ್ರೂಸ್ ಹತ್ತುವ ಮುಂಚೆ ಎಣ್ಣೆ, ಬಟ್ಟೆ ಬಗ್ಗೆ ಒಂದಿಷ್ಟು

ಹಡಗು ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರು ಬಿಟ್ಟು ಎರಡು ಗಂಟೆಯಾಗಿತ್ತು. ಐದು ಸೂಟ್‌ಕೇಸಿನಲ್ಲಿ ನಾಲ್ಕು ಕ್ಯಾಬಿನ್ ಬಾಗಿಲಿಗೆ ಬಂದಿದ್ದವು. ಬಾರದೆ ಉಳಿದದ್ದು ಅಪ್ಪ-ಅಮ್ಮನದು. ಅಪ್ಪನ ಬಿಪಿ ಮಾತ್ರೆ, ರಾತ್ರಿ ಉಡುವ ಪಂಚೆ ಎಲ್ಲ ಅದರಲ್ಲೇ ಇತ್ತು. "ಸಮುದ್ರದ ಮಧ್ಯೆ ಎಲ್ಲಿ ಹೋಗುತ್ತೆ, ಬರುತ್ತೆ ಬಿಡು" ಅಂದರು ಅಪ್ಪ. ಆದರೆ ಮುಖದಲ್ಲಿ ಏನೋ ಅಳುಕು. ಅಷ್ಟರಲ್ಲಿ ಕ್ಯಾಬಿನ್ ಫೋನ್ ಬಡಿದುಕೊಂಡಿತು. ಕೆಳಗಿನ ಡೆಕ್‌ನ ಸೆಕ್ಯೂರಿಟಿ ರೂಮಿಗೆ ಬರಬೇಕಂತೆ.

ಹೋಗಿ ನೋಡಿದರೆ ನಮ್ಮಂಥವರದೇ ಒಂದು ಸಾಲು. ಅಪ್ಪನ ಸರದಿ ಬಂದಾಗ ಅಲ್ಲಿದ್ದವರು ಪೆಟ್ಟಿಗೆ ತೆರೆಸಿ, ಸುತ್ತಿಟ್ಟ ಪಂಚೆಯನ್ನು ನಿಧಾನಕ್ಕೆ ಬಿಚ್ಚಿದರು. ಒಳಗೆ ಹಾಸನದಿಂದ ತಂದ ಒಂದು ಕ್ವಾರ್ಟರ್ ಬ್ರಾಂಡಿ. "ನೆಗಡಿಗೆ ಅಂತ ಇಟ್ಟಿದ್ದೆ ಪುಟ್ಟಿ" ಅಂದರು ಅಪ್ಪ, ನನ್ನ ಮುಖ ನೋಡದೆ. ಅಮ್ಮ ಬೈಯೋಕೆ ಬಾಯಿ ತೆರೆದಳು. ಅಷ್ಟರಲ್ಲಿ ಅದೇ ಪೆಟ್ಟಿಗೆಯ ತಳದಿಂದ ಅವಳ ಎಲೆಕ್ಟ್ರಿಕ್ ಕೆಟಲ್ ಹೊರಗೆ ಬಂತು. ಅದಕ್ಕೂ ಅನುಮತಿ ಇಲ್ಲ. ಅಮ್ಮ ಬಾಯಿ ಮುಚ್ಚಿದಳು.

ಕೆಟಲ್‌ಗೆ ಚೀಟಿ ಕಟ್ಟಿ, ಕೊನೆಯ ದಿನ ವಾಪಸ್ ಕೊಡ್ತೀವಿ ಅಂದರು. ಬ್ರಾಂಡಿಗೆ ಚೀಟಿ ಇಲ್ಲ, ಅದು ಹೋದ ಹಾಗೆ. ಏಳು ದಿನವೂ ಅಪ್ಪ ಈ ತಾರತಮ್ಯದ ಬಗ್ಗೆ ಮಾತಾಡುತ್ತಲೇ ಇದ್ದರು.

ನಾವು ಇರುವುದು ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿ. ಗ್ಯಾಲ್ವೆಸ್ಟನ್ ಬಂದರಿಗೆ ಕಾರಿನಲ್ಲಿ ಒಂದೂವರೆ ಗಂಟೆ ಸಾಕು. ಊರಿಂದ ಅಪ್ಪ-ಅಮ್ಮ ಬಂದಾಗ ಕ್ರೂಸ್‌ಗೆ ಕರೆದುಕೊಂಡು ಹೋಗುವುದು ಇಲ್ಲಿನ ಕನ್ನಡದವರಲ್ಲಿ ಈಗ ಮಾಮೂಲಿ. ಊಟ, ಈಜುಕೊಳ, ನೋಡಬೇಕಾದ ಬಂದರುಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ಬಾಟಲಿ ಮತ್ತು ಬಟ್ಟೆಯ ವಿಷಯ ಮಾತ್ರ ನನಗೆ ಯಾರೂ ಹೇಳಿರಲಿಲ್ಲ.

ಮೊದಲು ಬಾಟಲಿ. ವಿಸ್ಕಿ, ರಮ್, ಬ್ರಾಂಡಿ, ವೋಡ್ಕಾ ಇವನ್ನು ದೊಡ್ಡ ಕ್ರೂಸ್ ಕಂಪನಿಗಳು ಹೊರಗಿನಿಂದ ತರಲು ಬಿಡುವುದಿಲ್ಲ. ವೈನ್ ಮಾತ್ರ ಒಂದಿಷ್ಟು ಬಿಡುತ್ತಾರೆ. ಕಾರ್ನಿವಲ್ ಮತ್ತು ರಾಯಲ್ ಕೆರಿಬಿಯನ್‌ನಲ್ಲಿ ಕುಡಿಯುವ ವಯಸ್ಸಾದ ಪ್ರತಿಯೊಬ್ಬರೂ 750 ಮಿ.ಲೀ.ನ ಒಂದು ವೈನ್ ಅಥವಾ ಶಾಂಪೇನ್ ಬಾಟಲಿ ತರಬಹುದು. ಅದೂ ಹಡಗು ಹತ್ತುವ ಮೊದಲ ದಿನ ಮಾತ್ರ. ಡಿಸ್ನಿ ಹಡಗುಗಳದು ಸ್ವಲ್ಪ ಉದಾರ ಕೈ: 21 ದಾಟಿದವರಿಗೆ ಎರಡು ಬಾಟಲಿ ವೈನ್, ಇಲ್ಲವೇ ಆರು ಬಿಯರ್. ಮಧ್ಯದ ಬಂದರುಗಳಲ್ಲೂ ಅಷ್ಟೇ ತರಬಹುದು. ನಾರ್ವೀಜಿಯನ್ ಅನ್ನುವ ಕಂಪನಿಯಲ್ಲೂ ವೈನ್ ತರಬಹುದು, ಆದರೆ ಬಾಟಲಿಗೊಂದು ಶುಲ್ಕ ಕಟ್ಟಬೇಕು. ಬುಕ್ ಮಾಡಿದ ಮೇಲೆ ನಿಮ್ಮ ಕಂಪನಿಯ ಪುಟವನ್ನು ಇನ್ನೊಂದು ಸಲ ಓದಿ. ಎರಡು ವರ್ಷದ ಹಿಂದೆ ಹೋಗಿ ಬಂದ ಗೆಳೆಯರ ಮಾತನ್ನೇ ನಂಬಿ ಹೊರಡಬೇಡಿ, ಈ ನಿಯಮಗಳು ಬದಲಾಗುತ್ತಿರುತ್ತವೆ.

ಬಿಟ್ಟ ಆ ಒಂದು ಬಾಟಲಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಂದರಿನಲ್ಲಿ ಪೋರ್ಟರ್ ಕೈಗೆ ಕೊಡುವ ಸೂಟ್‌ಕೇಸಿನೊಳಗೆ ಬೇಡವೇ ಬೇಡ. ಎಲ್ಲ ಪೆಟ್ಟಿಗೆಯೂ ಎಕ್ಸ್‌ರೇ ದಾಟಿಯೇ ಬರುವುದು. ಒಳಗೆ ಬಾಟಲಿ ಆಕಾರ ಕಂಡರೆ ಪೆಟ್ಟಿಗೆ ಅಲ್ಲೇ ನಿಲ್ಲುತ್ತದೆ. ಮೌತ್‌ವಾಶ್ ಬಾಟಲಿಯಲ್ಲಿ ತುಂಬಿ ತರುವ ಬುದ್ಧಿವಂತರ ಕಥೆಗಳನ್ನು ನಾನೂ ಕೇಳಿದ್ದೇನೆ. ಆ ರೂಮಿನ ಸಾಲಿನಲ್ಲಿ ಅಂಥವರೂ ಇಬ್ಬರು ನಿಂತಿದ್ದರು ಅನ್ನೋದನ್ನ ಹೇಳಿ ಸುಮ್ನಾಗ್ತೀನಿ.

ವೈನನ್ನು ಊಟದ ಹಾಲ್‌ಗೆ ಒಯ್ದರೆ ಬಾಟಲಿ ತೆರೆದುಕೊಡುವ ಶುಲ್ಕ ಅಂತ 15 ಡಾಲರ್ ಆಸುಪಾಸು ಹಾಕುತ್ತಾರೆ. ನಿಮ್ಮ ಕ್ಯಾಬಿನ್‌ನಲ್ಲೇ ಕುಡಿದರೆ ಕಾರ್ನಿವಲ್, ರಾಯಲ್ ಕೆರಿಬಿಯನ್‌ನಲ್ಲಿ ಏನೂ ಇಲ್ಲ. ಕಾರ್ಕ್ ತೆಗೆಯುವ ಒದ್ದಾಟ ಯಾಕೆ, ತಿರುಗಿಸುವ ಮುಚ್ಚಳದ ಬಾಟಲಿಯನ್ನೇ ಕೊಳ್ಳಿ.

ಬೆಂಗಳೂರಿಂದ ಸಿಂಗಾಪುರಕ್ಕೆ ಹಾರಿ ಅಲ್ಲಿಂದ ಕ್ರೂಸ್ ಹತ್ತುವವರಿಗೂ ಒಂದು ಮಾತು. ಏರ್‌ಪೋರ್ಟಿನ ಡ್ಯೂಟಿ ಫ್ರೀನಲ್ಲಿ ಸಿಕ್ಕ ವಿಸ್ಕಿ ಸೀಲ್ ಆಗಿದ್ದರೂ, ಬಿಲ್ ಇದ್ದರೂ ಹಡಗಿನೊಳಗೆ ಬರುವುದಿಲ್ಲ. ಕೊಳ್ಳುವುದಾದರೆ ವಾಪಸ್ ಬರುವಾಗ ಕೊಳ್ಳಿ.

ಇನ್ನು ಡ್ರಿಂಕ್ಸ್ ಪ್ಯಾಕೇಜ್. ದಿನಕ್ಕಿಷ್ಟು ಅಂತ ಕಟ್ಟಿದರೆ ಬೇಕಾದಷ್ಟು ಕುಡಿಯಬಹುದು ಅನ್ನುವ ಯೋಜನೆ. ಕಾರ್ನಿವಲ್‌ನಂಥ ಕೆಲವು ಕಂಪನಿಗಳಲ್ಲಿ ದಿನಕ್ಕೆ 15 ಪೆಗ್‌ನ ಮಿತಿ ಇದೆ, ನಮ್ಮವರಿಗೆ ಅದೊಂದು ಮಿತಿಯೇ ಅಲ್ಲ ಬಿಡಿ. ಕೊಕ್ಕೆ ಇರುವುದು ಬೇರೆ ಕಡೆ. ಒಬ್ಬರು ಕೊಂಡರೆ ಅದೇ ಕ್ಯಾಬಿನ್‌ನಲ್ಲಿರುವ ವಯಸ್ಕರೆಲ್ಲರೂ ಕೊಳ್ಳಬೇಕು. ಅಂದರೆ ಅಪ್ಪನ ಎರಡು ಪೆಗ್‌ಗಾಗಿ, ಜೀವಮಾನದಲ್ಲಿ ಬಿಯರ್ ವಾಸನೆಯನ್ನೂ ತೆಗೆದುಕೊಳ್ಳದ ಅಮ್ಮನಿಗೂ ಪ್ಯಾಕೇಜ್! ನಾವು ಕೂತು ಲೆಕ್ಕ ಹಾಕಿದೆವು. ನಮ್ಮ ಹಡಗಿನಲ್ಲಿ ಪೆಗ್ಗಿಗೆ 12 ಡಾಲರ್, ಮೇಲೆ 18% ಟಿಪ್ಸ್. ದಿನಕ್ಕೆರಡರಂತೆ ವಾರಕ್ಕೆ 200 ಡಾಲರಿಗಿಂತ ಸ್ವಲ್ಪ ಕಡಿಮೆ. ಪ್ಯಾಕೇಜ್ ದಿನಕ್ಕೆ 70 ಡಾಲರ್, ಅದರ ಮೇಲೂ 18%. ಇಬ್ಬರಿಗೆ ಏಳು ದಿನಕ್ಕೆ 1,150 ದಾಟುತ್ತಿತ್ತು. ಪ್ಯಾಕೇಜ್ ಬೇಡ ಅಂತ ತೀರ್ಮಾನ ಮಾಡಲು ಎರಡು ನಿಮಿಷವೂ ಬೇಕಾಗಲಿಲ್ಲ. ಬಾಟಲಿ ತರಲು ಯಾಕೆ ಬಿಡುವುದಿಲ್ಲ ಅನ್ನುವುದೂ ಆಗ ಅರ್ಥವಾಯಿತು. ಟಿಕೆಟ್ ಅಗ್ಗ ಕಾಣುವುದೇ ಬಾರ್‌ನ ದುಡ್ಡಿನಿಂದ ಅಲ್ವಾ?

ಕೆಟಲ್ ವಿಷಯ ಹಾಗಲ್ಲ. ಇಸ್ತ್ರಿ ಪೆಟ್ಟಿಗೆ, ಕೆಟಲ್, ನೀರು ಕಾಯಿಸುವ ಕಾಯಿಲ್, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬಾಕ್ಸ್ ಇವನ್ನೆಲ್ಲ ತಡೆಯುವುದು ಬೆಂಕಿಯ ಭಯಕ್ಕೆ. 1998ರ ಜುಲೈ 20ರಂದು ಮಯಾಮಿಯಿಂದ ಹೊರಟ ಕಾರ್ನಿವಲ್ ಕಂಪನಿಯ ಎಕ್ಸ್ಟಸಿ ಹಡಗಿಗೆ ಬೆಂಕಿ ಬಿತ್ತು. ಶುರುವಾದದ್ದು ಹಡಗಿನ ಮುಖ್ಯ ಲಾಂಡ್ರಿಯಲ್ಲಿ. ವೆಲ್ಡಿಂಗ್ ಮಾಡುವಾಗ ಹಾರಿದ ಕಿಡಿ, ಬಟ್ಟೆಯಿಂದ ಉದುರಿ ಕೂತಿದ್ದ ನೂಲಿನ ಧೂಳಿಗೆ ಹಿಡಿದು, ಗಾಳಿ ಕೊಳವೆಯಲ್ಲಿ ಹಬ್ಬಿ, ಹಿಂಬದಿಯ ಡೆಕ್‌ನಲ್ಲಿದ್ದ ಹಗ್ಗಗಳವರೆಗೂ ಹೋಯಿತು. ಇದನ್ನು ಓದಿದ ಮೇಲೆ ಇಸ್ತ್ರಿ ಪೆಟ್ಟಿಗೆ ಬಗ್ಗೆ ನಾನು ಗೊಣಗುವುದು ಬಿಟ್ಟೆ. ಅಮ್ಮನ ಕಾಫಿಗೂ ತೊಂದರೆಯಾಗಲಿಲ್ಲ. ಸ್ಟೀಲ್ ಫಿಲ್ಟರ್‌ಗೆ ಯಾರೂ ತಕರಾರು ಮಾಡಲಿಲ್ಲ. ಬಫೆಯಲ್ಲಿ ಯಾವಾಗಲೂ ಬಿಸಿನೀರು ಇರುತ್ತದೆ, ಫ್ಲಾಸ್ಕ್ ಒಯ್ದು ತುಂಬಿಕೊಂಡು ಬರುತ್ತಿದ್ದಳು.

ಈಗ ಬಟ್ಟೆ. ನಾವೇ ಮೆಷಿನ್‌ಗೆ ಹಾಕಿ ಒಗೆದುಕೊಳ್ಳುವ ಕೋಣೆ ಎಲ್ಲ ಹಡಗಿನಲ್ಲೂ ಇರುವುದಿಲ್ಲ. ಕಾರ್ನಿವಲ್, ಪ್ರಿನ್ಸೆಸ್ ಹಡಗುಗಳಲ್ಲಿ ಬಹುಪಾಲು ಇದೆ, ಡಿಸ್ನಿಯಲ್ಲೂ ಇದೆ. ರಾಯಲ್ ಕೆರಿಬಿಯನ್‌ನಲ್ಲಿ ಇಲ್ಲ. ಚಿಕ್ಕ ಮಕ್ಕಳು ಇದ್ದರೆ ಹಡಗು ಆರಿಸುವಾಗಲೇ ಇದನ್ನು ನೋಡಿ, ನೀರಿನ ಜಾರುಬಂಡಿ ಎಷ್ಟಿದೆ ಅನ್ನುವುದಕ್ಕಿಂತ ಇದು ಮುಖ್ಯ. ಮೆಷಿನ್ ಇರುವ ಕಡೆ ಇಡೀ ದಿನ ಸಮುದ್ರದಲ್ಲೇ ಇರುವ ದಿನಗಳಲ್ಲಿ ಸಾಲು ಜಾಸ್ತಿ. ಹಡಗು ಬಂದರಿನಲ್ಲಿ ನಿಂತಾಗ ಎಲ್ಲರೂ ಇಳಿದು ಹೋಗಿರುತ್ತಾರೆ, ಆಗ ಹಾಕಿ.

ನಮ್ಮ ಹಡಗಿನಲ್ಲಿ ಅಂಥ ಕೋಣೆ ಇರಲಿಲ್ಲ. ಕ್ಯಾಬಿನ್‌ಗೇ ಒಂದು ಚೀಲ ಕೊಟ್ಟು, ಅದರಲ್ಲಿ ಹಿಡಿಯುವಷ್ಟು ಬಟ್ಟೆಗೆ ಇಷ್ಟು ಅಂತ ತೆಗೆದುಕೊಳ್ಳುವ ವ್ಯವಸ್ಥೆ ಇತ್ತು. ಬಿಡಿಬಿಡಿಯಾಗಿ ಕೊಟ್ಟರೆ ಒಂದು ಅಂಗಿಗೆ ಹೇಳುವ ರೇಟು ಕೇಳಿ ಅಮ್ಮ "ಆ ದುಡ್ಡಿಗೆ ಹೊಸ ಅಂಗಿ ಬರುತ್ತೆ" ಅಂದಳು. ಚೀಲದ ಲೆಕ್ಕ ವಾಸಿ. ಬಟ್ಟೆ ಮಡಿಸದೆ ಬಿಗಿಯಾಗಿ ಸುರುಳಿ ಸುತ್ತಿ ತುಂಬಿ, ಎಷ್ಟು ಹಿಡಿಯುತ್ತದೆ ನೋಡಿ! ಆದರೆ ಅದರಲ್ಲಿ ಬನಿಯನ್, ಚಡ್ಡಿ, ಟೀಶರ್ಟು, ಸಾಕ್ಸ್ ಅಷ್ಟೇ ಹಾಕಿ. ಎಲ್ಲವನ್ನೂ ಒಟ್ಟಿಗೆ ಬಿಸಿನೀರಿನಲ್ಲಿ ಒಗೆದು ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ನಾನು ತಿಳಿಯದೆ ಅಮ್ಮನ ಮೆರೂನ್ ಕಾಟನ್ ಚೂಡಿದಾರವನ್ನೂ ತುರುಕಿದ್ದೆ. ವಾಪಸ್ ಬಂದಾಗ ಟಾಪು ನನ್ನ ಹನ್ನೊಂದು ವರ್ಷದ ಮಗಳ ಅಳತೆಗೆ ಇಳಿದಿತ್ತು. ಅಪ್ಪನ ನಾಲ್ಕು ಬನಿಯನ್ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಕೇಳಿದರೆ, ಚೀಟಿಯ ಹಿಂದೆ ಬರೆದಿದೆ ನೋಡಿ ಅಂದರು. ನಿಜ, ಬರೆದಿತ್ತು.

ಅಮ್ಮನಿಗೆ ಮೊದಲಿನಿಂದಲೂ ಆ ಚೀಲದ ಮೇಲೆ ನಂಬಿಕೆ ಇರಲಿಲ್ಲ. ಸ್ನಾನಕ್ಕೆ ಹೋದಾಗ ಒಂದೆರಡು ಬಟ್ಟೆ ಕೈಯಲ್ಲೇ ಕುಕ್ಕಿ ಬರುತ್ತಿದ್ದಳು. ಅದೇ ಸರಿ ಅಂತ ನನಗೂ ಅನ್ನಿಸಿತು. ಎಷ್ಟೋ ಹಡಗುಗಳ ಬಚ್ಚಲಲ್ಲಿ ಎಳೆದು ಕಟ್ಟುವ ತೆಳು ದಾರ ಒಂದಿರುತ್ತದೆ, ಗೋಡೆಯ ಸಣ್ಣ ಡಬ್ಬಿಯೊಳಗೆ, ಹುಡುಕಿ. ಹಿಂಡಿದ ಬಟ್ಟೆಯನ್ನು ಒಣ ಟವೆಲ್‌ನಲ್ಲಿ ಸುತ್ತಿ ಮೇಲೆ ನಿಂತು ತುಳಿದರೆ ಅರ್ಧ ನೀರು ಅಲ್ಲೇ ಹೋಗುತ್ತದೆ. ಕ್ಯಾಬಿನ್ ಗೋಡೆಗಳು ಲೋಹದ್ದು, ಅಯಸ್ಕಾಂತದ ಕೊಕ್ಕೆ ಗಟ್ಟಿಯಾಗಿ ಕೂರುತ್ತದೆ. ಆರು ಕೊಕ್ಕೆ ಒಯ್ಯಿರಿ. ತೆಳು ಪಾಲಿಯೆಸ್ಟರ್ ರಾತ್ರಿ ಹಾಕಿದರೆ ಬೆಳಿಗ್ಗೆಗೆ ಸಿದ್ಧ. ದಪ್ಪ ಕಾಟನ್, ಜೀನ್ಸ್ ಒಣಗುವುದಿಲ್ಲ, ಎರಡನೇ ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ.

ಬಾಲ್ಕನಿ ಇದೆಯಲ್ಲ ಅಂತ ಅಲ್ಲಿ ಮಾತ್ರ ಒಣಹಾಕಬೇಡಿ. ಅಪ್ಪ ಒಂದು ಬೆಳಿಗ್ಗೆ ಕಂಬಿ ಮೇಲೆ ಪಂಚೆ ಹರವಿದರು. ಹತ್ತು ನಿಮಿಷಕ್ಕೆ ಕ್ಯಾಬಿನ್ ನೋಡಿಕೊಳ್ಳುವ ಹುಡುಗ ಬಾಗಿಲು ತಟ್ಟಿದ. ಗಾಳಿಗೆ ಹಾರಿ ಬೇರೆ ಡೆಕ್ ಮೇಲೆ ಬೀಳುತ್ತದೆ, ಮೇಲಿನವರು ಎಸೆದ ಸಿಗರೇಟು ಬಿದ್ದರೆ ಹತ್ತಿಕೊಳ್ಳುತ್ತದೆ, ದಯವಿಟ್ಟು ತೆಗೀರಿ ಸರ್ ಅಂದ. ಪಾಪ, ಬಹಳ ಮರ್ಯಾದೆಯಿಂದಲೇ ಹೇಳಿದ.

ಡ್ರೆಸ್ ಮಾಡಿಕೊಂಡು ಊಟಕ್ಕೆ ಹೋಗುವ ರಾತ್ರಿಗೆ ಅಮ್ಮ ಮೈಸೂರು ಸಿಲ್ಕ್ ತಂದಿದ್ದಳು. ಇಸ್ತ್ರಿ ಇಲ್ಲದಿದ್ದರೂ, ಬಚ್ಚಲಲ್ಲಿ ಬಿಸಿನೀರು ಬಿಟ್ಟು ಹಬೆಯಲ್ಲಿ ಕಾಲು ಗಂಟೆ ತೂಗುಹಾಕಿದ್ದಕ್ಕೆ ಗೆರೆಗಳೆಲ್ಲ ಇಳಿದವು.

ಮೆಕ್ಸಿಕೋದ ಕೊಜುಮೆಲ್‌ನಲ್ಲಿ ಇಳಿದಾಗ ಅಪ್ಪ ಬ್ರಾಂಡಿಯ ಸೇಡು ತೀರಿಸಿಕೊಂಡರು. ಒಂದು ಲೀಟರ್ ಟಕೀಲಾ ಕೊಂಡರು. ಬಂದರಿನಲ್ಲಿ ಕೊಂಡದ್ದನ್ನು ಹಡಗು ಹತ್ತುವಾಗ ಒಪ್ಪಿಸಬೇಕು. ಅದಕ್ಕೆ ರಸೀದಿ ಕೊಟ್ಟು, ಕೊನೆಯ ರಾತ್ರಿ ಕ್ಯಾಬಿನ್‌ಗೆ ತಲುಪಿಸುತ್ತಾರೆ. ಹಡಗಿನ ಅಂಗಡಿಯಲ್ಲಿ ಕೊಂಡ ಬಾಟಲಿಯೂ ಹಾಗೆಯೇ. "ಈ ಸಲ ಚೀಟಿ ಕೊಟ್ಟರು ನೋಡು" ಅಂತ ಅಪ್ಪ ಅದನ್ನು ಪರ್ಸಿನಲ್ಲಿ ಜೋಪಾನ ಮಾಡಿದರು.

ಅಮೆರಿಕಕ್ಕೆ ಮರಳುವಾಗ 21 ದಾಟಿದವರಿಗೆ ಒಂದು ಲೀಟರ್ ಮದ್ಯಕ್ಕೆ ಕಸ್ಟಮ್ಸ್ ಸುಂಕವಿಲ್ಲ. ಆದರೆ ಗ್ಯಾಲ್ವೆಸ್ಟನ್‌ನಲ್ಲಿ ಇಳಿದರೆ ಇನ್ನೊಂದು ಮೇಜು ಇರುತ್ತದೆ. ಅದು ಟೆಕ್ಸಸ್ ರಾಜ್ಯದ ಮದ್ಯ ಇಲಾಖೆಯದು. ಆ ಒಂದು ಲೀಟರಿಗೂ ಅಲ್ಲಿ ರಾಜ್ಯದ ತೆರಿಗೆ ಕಟ್ಟಿಯೇ ಹೊರಗೆ ಹೋಗಬೇಕು. ದೊಡ್ಡ ಮೊತ್ತವೇನಲ್ಲ, ಕೆಲವು ಡಾಲರ್ ಅಷ್ಟೇ. "ಅಬಕಾರಿಯವರು ಇಲ್ಲೂ ಬಿಡಲಿಲ್ಲವಲ್ಲೇ" ಅಂತ ಅಪ್ಪ ನಕ್ಕರು.

ಕೆಟಲ್ ಚೀಟಿ ತೋರಿಸಿ ಅಮ್ಮ ತನ್ನದನ್ನು ಬಿಡಿಸಿಕೊಂಡಳು. ಮನೆಗೆ ಬಂದ ಸಂಜೆ ಅಪ್ಪ ಟಕೀಲಾ ತೆರೆದು ಒಂದು ಗುಟುಕು ಕುಡಿದರು, ಮುಖ ಕಿವುಚಿದರು, ಮುಚ್ಚಳ ಹಾಕಿ ಕಪಾಟಿನ ಹಿಂದಕ್ಕೆ ತಳ್ಳಿದರು.

"ನೆಗಡಿಗೂ ಆಗಲ್ಲ ಇದು."